ಇಸ್ಪೀಟು ಬೇಡ, ಯುನೋ ಆದ್ರೆ ಪರವಾಗಿಲ್ಲ ಅನ್ನೋರಿಗೆ

ನಮ್ಮ ಮೂಡಿಗೆರೆ ಕಡೆ ಮಳೆ ಹಿಡಿದರೆ ಮೊದಲು ಕರೆಂಟು ಹೋಗುತ್ತದೆ, ಆಮೇಲೆ ನೆಟ್‌ವರ್ಕು. ಮನೆಯಲ್ಲಿರೋರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರಬೇಕು. ಆಗ ಯಾರಾದರೂ ಇಸ್ಪೀಟ್ ಎಲೆ ತೆಗೆದರೆ ದೊಡ್ಡವರ ಮುಖ ಗಂಟಾಗುತ್ತದೆ. ಅದೇ ಬೆಂಗಳೂರಿಂದ ಬಂದ ಮಕ್ಕಳು ಬ್ಯಾಗಿಂದ ಯುನೋ ತೆಗೆಯಲಿ, "ಹಂಚು ಹಂಚು, ನಂಗೂ ಏಳು ಎಲೆ ಹಾಕು" ಅಂತ ಅದೇ ದೊಡ್ಡವರು ಚಾಪೆ ಮೇಲೆ ಜಾಗ ಹಿಡಿಯುತ್ತಾರೆ!

ಯುನೋ ಅಂದ್ರೆ ವೇಷ ಹಾಕಿದ ಇಸ್ಪೀಟು ಸ್ವಾಮಿ. 1971ರಲ್ಲಿ ಅಮೆರಿಕದ ಒಹಾಯೊದಲ್ಲಿ ಮರ್ಲ್ ರಾಬಿನ್ಸ್ ಅನ್ನೋ ಕ್ಷೌರಿಕ ಅದನ್ನು ಮಾಡಿದ್ದು. ಮಾಮೂಲಿ 52 ಎಲೆಯಲ್ಲಿ ಆಡೋ ಕ್ರೇಜಿ ಎಯ್ಟ್ಸ್ ಅನ್ನೋ ಆಟವನ್ನೇ ಹಿಗ್ಗಿಸಿ, ರಾಜ ರಾಣಿ ಗುಲಾಮರನ್ನು ಮನೆಗೆ ಕಳಿಸಿ, ನಾಲ್ಕು ಬಣ್ಣ ಬಳಿದು 108 ಎಲೆ ಮಾಡಿದರು, ಅಷ್ಟೇ. ರಾಜ ಕಾಣಲಿಲ್ಲ ಅಂದ ಕೂಡಲೇ ನಮ್ಮವರಿಗೆ ಅದು ಮಕ್ಕಳಾಟ.

ದೊಡ್ಡವರ ಸಿಟ್ಟಿಗೂ ಕಾರಣ ಇದೆ, ಇಲ್ಲ ಅನ್ನಲ್ಲ. ಹಾಸನ ಕಡೆ ಯುಗಾದಿ ಬಂತು ಅಂದ್ರೆ ಅಂದರ್ ಬಾಹರ್ ಶುರು, ಅದರಲ್ಲಿ ಕೈ ಸುಟ್ಟುಕೊಂಡವರನ್ನು ಅವರು ಕಣ್ಣಾರೆ ನೋಡಿದ್ದಾರೆ. ಆದರೆ ಮನೆ ಹಾಳು ಮಾಡೋದು ಕಟ್ಟೋ ದುಡ್ಡು. ಎಲೆ ಪಾಪ ಏನು ಮಾಡೀತು?

ನನ್ನ ಕೇಳಿದರೆ, ಮನೆಮಂದಿ ಕೂತು ಆಡೋಕೆ ನಮ್ಮ ಕತ್ತೆ ಆಟದಷ್ಟು ಒಳ್ಳೆಯದು ಇನ್ನೊಂದಿಲ್ಲ. ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. 52 ಎಲೆಯನ್ನೂ ಹಂಚಿಬಿಡೋದು. ಇಸ್ಪೀಟ್ ಎಕ್ಕ, ಅಂದ್ರೆ ಸ್ಪೇಡ್ ಏಸ್, ಇದ್ದವರು ಶುರು ಮಾಡಬೇಕು. ಒಬ್ಬರು ಆಟೀನು (ಕೆಂಪು ಹೃದಯದ ಗುರುತಿನ ಎಲೆ) ಹಾಕಿದರೆ ಎಲ್ಲರೂ ಆಟೀನೇ ಹಾಕಬೇಕು, ಹಾಕಿದರೆ ಆ ಎಲೆಗಳು ಆಟದಿಂದ ಹೊರಗೆ, ದೊಡ್ಡ ಎಲೆ ಹಾಕಿದವರು ಮುಂದಿನದು ಶುರು ಮಾಡಬೇಕು. ಆಟೀನು ಇಲ್ಲದವರು ಯಾವುದಾದರೂ ಬೇರೆ ಎಲೆ ಹೊಡೆಯಬಹುದು. ಹೊಡೆದರೆ ಅಷ್ಟರಲ್ಲಿ ದೊಡ್ಡ ಆಟೀನು ಹಾಕಿದವರು ಬಿದ್ದಿದ್ದನ್ನೆಲ್ಲ ಎತ್ತಿಕೊಳ್ಳಬೇಕು. ಕೈ ಖಾಲಿ ಆದವರು ಎದ್ದು ಹೋಗಬಹುದು, ಕೊನೆಗೆ ಎಲೆ ಹಿಡಿದು ಉಳಿದವರೇ ಕತ್ತೆ.

ಮಜಾ ಇರೋದು ಲೆಕ್ಕದಲ್ಲಿ. ಆಟೀನು ಇರೋದೇ 13. ಆರು ಜನ ಕೂತಿದ್ದರೆ ಎರಡು ಸುತ್ತಿಗೆ 12 ಮುಗಿಯುತ್ತದೆ, ಮೂರನೇ ಸಲ ಆಟೀನು ಇಳಿದರೆ ಯಾರೋ ಒಬ್ಬರು ಹೊಡೆದೇ ಹೊಡೆಯುತ್ತಾರೆ. ಅದಕ್ಕೇ ಎಕ್ಕ, ರಾಜನನ್ನೆಲ್ಲ ಬೇಗ ಬೇಗ ಸಾಗಹಾಕಬೇಕು. ರಾಜ ಕೈಯಲ್ಲಿದ್ದಾನೆ ಅಂತ ಬೀಗೋರೇ ಇಲ್ಲಿ ಕತ್ತೆ ಆಗೋದು. ನಮ್ಮ ಅಜ್ಜಿಗೆ ಯಾವ ಎಲೆ ಹೋಯ್ತು, ಯಾವುದು ಉಳೀತು ಅಂತ ಬಾಯಿಪಾಠ. ಇಂಜಿನಿಯರ್ ಮೊಮ್ಮಗನಿಗೆ ಕೈ ತುಂಬಾ ಎಲೆ ಎತ್ತಿಸಿ, "ತಗೋ ಮಗಾ, ಪೂರ್ತಿ ನಿಂದೇ" ಅನ್ನುತ್ತಾರೆ. ಒಂದಾಟ ಬೇಗ ಮುಗಿಯುತ್ತದೆ, ಮೊದಲು ಯಾರು ಗೆದ್ದರು ಅಂತ ಯಾರೂ ಕೇಳಲ್ಲ. ರಮ್ಮಿ ಥರ ಗಂಟೆಗಟ್ಟಲೆ ಮುಖ ಸಿಂಡರಿಸಿಕೊಂಡು ಕೂರೋದಿಲ್ಲ.

ಯುನೋದಲ್ಲಿ ಜಗಳವೇ ಜಾಸ್ತಿ. ಮುಂದಿನವರಿಗೆ ಎರಡು ಎಲೆ ಎತ್ತಿಸೋ ಪ್ಲಸ್ ಟೂ ಮೇಲೆ ಇನ್ನೊಂದು ಪ್ಲಸ್ ಟೂ ಹಾಕೋ ಹಾಗಿಲ್ಲ ಅಂತ ಯುನೋದವರೇ 2019ರಲ್ಲಿ ಹೇಳಿದರು, ಯಾರು ಕೇಳ್ತಾರೆ? ಕೆಳಗೆ ಬಿದ್ದಿರೋ ಎಲೆಯದೇ ಬಣ್ಣ ಕೈಯಲ್ಲಿ ಇಟ್ಟುಕೊಂಡು, ನಾಲ್ಕು ಎತ್ತಿಸೋ ಪ್ಲಸ್ ಫೋರ್ ಹಾಕಿದರೆ ಮುಂದಿನವರು ಪ್ರಶ್ನೆ ಮಾಡಬಹುದು. ಸಿಕ್ಕಿಬಿದ್ದರೆ ಹಾಕಿದವರೇ ನಾಲ್ಕು ಎತ್ತಬೇಕು, ಸುಮ್ನೆ ಅನುಮಾನ ಪಟ್ಟಿದ್ದರೆ ಪ್ರಶ್ನೆ ಮಾಡಿದವರಿಗೆ ಆರು. ಒಳ್ಳೇ ನಿಯಮ ಅದು, ಆದರೆ ಅತ್ತೆ ಹಾಕಿದ ಪ್ಲಸ್ ಫೋರ್ ಪ್ರಶ್ನೆ ಮಾಡೋ ಧೈರ್ಯ ಯಾವ ಸೊಸೆಗಿದೆ ಹೇಳಿ.

ಇನ್ನೊಂದು ವಿಷಯ. ನಮ್ಮಲ್ಲಿ ಕತ್ತೆ ಆಟದ ಮೊದಲ ಸುತ್ತಲ್ಲಿ ಯಾರಾದರೂ ಹೊಡೆದರೂ ಎತ್ತೋ ಹಾಗಿಲ್ಲ. ಸಕಲೇಶಪುರದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಮೊದಲ ಸುತ್ತಲ್ಲೇ ಎತ್ತಿಸುತ್ತಾರೆ, ಇದು ಅನ್ಯಾಯ ಅಂದರೆ ನಗುತ್ತಾರೆ. ನಿಮ್ಮ ಮನೆಯಲ್ಲಿ ಹೇಗೆ?