ಯಾವ ಸುಕ್ಕಿಗೆ ಯಾವ ಚುಚ್ಚುಮದ್ದು?

ಮುಖದ ಸುಕ್ಕಿಗೆ ಕೊಡುವ ಎರಡು ಚುಚ್ಚುಮದ್ದುಗಳನ್ನು, ಅಂದರೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಮತ್ತು ಚರ್ಮದಡಿ ತುಂಬಿ ಮಡಿಕೆಯನ್ನು ಎತ್ತುವ ಫಿಲ್ಲರನ್ನು, ಹೋಲಿಸಿದ ಲೇಖನವೊಂದನ್ನು ಓದಿದೆ. ಬೊಟಾಕ್ಸ್‌ನ ಪರಿಣಾಮ ಮೂರು ನಾಲ್ಕು ತಿಂಗಳಲ್ಲಿ ಇಳಿದುಹೋಗುತ್ತದೆ, ಫಿಲ್ಲರ್ ಹೆಚ್ಚು ಕಾಲ ಉಳಿಯುತ್ತದೆ, ಆದ್ದರಿಂದ ಫಿಲ್ಲರೇ ಲಾಭದಾಯಕ ಎಂಬ ಆ ಲೇಖನದ ತೀರ್ಮಾನವನ್ನು ಒಪ್ಪುವುದು ಕಷ್ಟ. ಇವೆರಡೂ ಒಂದೇ ಕೆಲಸ ಮಾಡುವ ಮದ್ದುಗಳಲ್ಲ. ಬೊಟಾಕ್ಸ್‌ನಲ್ಲಿರುವ ಬೊಟುಲಿನಮ್ ಟಾಕ್ಸಿನ್ ನರದ ತುದಿಯಿಂದ ಅಸಿಟೈಲ್‌ಕೋಲಿನ್ (ಸ್ನಾಯುವಿಗೆ ಸಂಕುಚಿಸುವ ಸಂದೇಶ ಒಯ್ಯುವ ರಾಸಾಯನಿಕ) ಬಿಡುಗಡೆಯಾಗುವುದನ್ನು ತಡೆದು ಸ್ನಾಯುವನ್ನು ಸಡಿಲಿಸುವುದರಿಂದ, ಹುಬ್ಬು ಗಂಟಿಕ್ಕಿದಾಗ ಅಥವಾ ನಕ್ಕಾಗ ಮೂಡುವ ಗೆರೆಗಳಿಗೆ ಅದು ಹೊಂದುತ್ತದೆ; 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೌಂದರ್ಯ ಚಿಕಿತ್ಸೆಗೆ ಬೊಟಾಕ್ಸ್‌ ಬಳಸಲು ಮೊದಲು ಒಪ್ಪಿಗೆ ನೀಡಿದ್ದೂ ಹುಬ್ಬುಗಳ ನಡುವಿನ ಗೆರೆಗಳಿಗೇ. ಮುಖ ಸುಮ್ಮನಿದ್ದಾಗಲೂ ಮೂಗಿನ ಪಕ್ಕದಿಂದ ಬಾಯಿಯ ಅಂಚಿಗೆ ಇಳಿದು ಕಾಣುವ ಮಡಿಕೆಗೆ ಹಯಲುರಾನಿಕ್ ಆಮ್ಲದ (ಚರ್ಮದಲ್ಲಿ ಸಹಜವಾಗಿಯೇ ಇರುವ ವಸ್ತು) ಫಿಲ್ಲರ್ ಸೂಕ್ತ.

ಲೇಖನ ಒಂದೇ ಸಾಲಿನಲ್ಲಿ ದಾಟಿಹೋದ ಅಪಾಯಗಳ ವಿಷಯಕ್ಕೆ, ನನ್ನ ದೃಷ್ಟಿಯಲ್ಲಿ, ಬೆಲೆಗಿಂತ ಹೆಚ್ಚಿನ ತೂಕವಿರಬೇಕಿತ್ತು. ಟಾಕ್ಸಿನ್‌ನಿಂದ ರೆಪ್ಪೆ ಜೋತುಬಿದ್ದರೆ ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಫಿಲ್ಲರ್ ಆಕಸ್ಮಿಕವಾಗಿ ರಕ್ತನಾಳವನ್ನು ಸೇರಿದರೆ ಚರ್ಮದ ಅಂಗಾಂಶ ಸಾಯಬಹುದು, ಅಪರೂಪಕ್ಕೆ ದೃಷ್ಟಿಯೇ ಶಾಶ್ವತವಾಗಿ ನಷ್ಟವಾಗಬಹುದು. ಹುಬ್ಬುಗಳ ನಡುವೆ ಮತ್ತು ಮೂಗಿನ ಮೇಲೆ ಈ ಅಪಾಯ ಹೆಚ್ಚು. ಹಯಲುರಾನಿಕ್ ಆಮ್ಲದ ಫಿಲ್ಲರನ್ನು ಹಯಲುರಾನಿಡೇಸ್ ಎಂಬ ಕಿಣ್ವದಿಂದ ಕರಗಿಸಬಹುದು, ಆದರೆ ಮೂಳೆಯಲ್ಲಿರುವಂಥ ಖನಿಜವಾದ ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್‌ನಂಥ ಫಿಲ್ಲರ್‌ಗಳಿಗೆ ಈ ಅನುಕೂಲವಿಲ್ಲ. ಹೀಗಿರುವಾಗ ರಿಯಾಯಿತಿಯ ಜಾಹೀರಾತು ನೋಡಿ ಬ್ಯೂಟಿ ಪಾರ್ಲರ್‌ಗಳಲ್ಲಿ ಮುಖ ಒಡ್ಡುವುದು ದುಡುಕೇ ಸರಿ. ಚರ್ಮರೋಗ ತಜ್ಞರಲ್ಲಿಯೇ ಹೋಗಿ, ಚುಚ್ಚುವ ಮೊದಲು ಆ ಕಿಣ್ವ ಕ್ಲಿನಿಕ್‌ನಲ್ಲಿ ಸಿದ್ಧವಿದೆಯೇ ಎಂದು ಕೇಳಬೇಕು. ಗರ್ಭಿಣಿಯರು ಹಾಗೂ ಮಯಸ್ತೇನಿಯಾ ಗ್ರೇವಿಸ್‌ನಂಥ ನರಸ್ನಾಯು ಕಾಯಿಲೆ ಇರುವವರಿಗೆ ಟಾಕ್ಸಿನ್ ಸಲ್ಲದು ಎಂಬುದನ್ನು ಲೇಖಕರು ಸೇರಿಸಿದರೆ ಒಳ್ಳೆಯದು.