ಉಪ್ಪಿನಕಾಯಿ ಭರಣಿಗೆ ವಿಮೆ

ಶಿರಸಿಯಲ್ಲಿ ಹಪ್ಪಳ, ಉಪ್ಪಿನಕಾಯಿ, ಕೋಕಂ ಶರಬತ್ತು ಮಾರುವ ನನ್ನ ಪುಟ್ಟ ಅಂಗಡಿಯಲ್ಲಿರುವ ಸರಕಿನ ಬೆಲೆ ಎಷ್ಟು ಎಂಬ ಪ್ರಶ್ನೆಗೆ 2024ರ ಫೆಬ್ರವರಿಯವರೆಗೆ ನನ್ನ ಬಳಿ ನಾಲ್ಕು ಉತ್ತರಗಳಿದ್ದವು, ಮತ್ತು ಆ ನಾಲ್ಕೂ ಎಲ್ಲಿಯೂ ಎದುರುಬದುರಾಗದಂತೆ ನಾನು ಜತನದಿಂದ ನೋಡಿಕೊಂಡು ಬಂದಿದ್ದೆ. ಆಡಿಟರರ ಕಡತದಲ್ಲಿ, ಮಾರ್ಚ್ 31ರ ಲೆಕ್ಕಕ್ಕೆ, ಅದು 4 ಲಕ್ಷ. ಸಾಲ ಕೊಟ್ಟ ಬ್ಯಾಂಕಿಗೆ ತಿಂಗಳಿಗೊಮ್ಮೆ ಒಪ್ಪಿಸುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ 12 ಲಕ್ಷ. ಹುಬ್ಬಳ್ಳಿಯ ಭಾವನ ಮನೆಯ ಉಪನಯನದಲ್ಲಿ, ಊಟದ ಪಂಕ್ತಿಯಲ್ಲಿ ಎದುರು ಕುಳಿತವರು ಕೇಳಿದಾಗ, ಹೋಳಿಗೆಯ ಪ್ರಭಾವವೂ ಸೇರಿ, 20 ಲಕ್ಷ. ಹೆಂಡತಿ ಬಳೆಯ ವಿಷಯ ತೆಗೆದ ದಿನಗಳಲ್ಲಿ ಮಾತ್ರ ಅಂಗಡಿಯಲ್ಲಿ ನಾಲ್ಕು ಖಾಲಿ ಭರಣಿಗಳನ್ನು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ವಿಮೆಯ ಅರ್ಜಿಯಲ್ಲಿ 'ವಿಮಾ ಮೊತ್ತ' ಎಂಬುದಕ್ಕೆ ಒಂದೇ ಒಂದು ಖಾನೆ ಇರುತ್ತದೆ ಎಂಬ ಸಂಗತಿ ನನ್ನನ್ನು ಕಂಗಾಲಾಗಿಸಿದ್ದು ಈ ಕಾರಣಕ್ಕೆ.

ವಿಮೆ ಮಾಡಿಸಬೇಕೆಂಬ ಬುದ್ಧಿ ನನಗಾಗಿಯೇ ಹುಟ್ಟಿದ್ದಲ್ಲ. ಸಾಲದ ನವೀಕರಣಕ್ಕೆ ಹೋದಾಗ, ಅಡವಿಟ್ಟ ಸರಕಿಗೆ ವಿಮೆ ಇರಲೇಬೇಕೆಂದು ಬ್ಯಾಂಕಿನವರು ಹೇಳಿದರು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಇನ್ನು ಒಂದು ತಿಂಗಳಿತ್ತು. ಜಾತ್ರೆಯ ವ್ಯಾಪಾರಕ್ಕೆಂದು ಅಂಗಡಿಯಲ್ಲಿ ಕಾಲಿಡಲೂ ಜಾಗವಿಲ್ಲದಂತೆ ಮಾಲು ತುಂಬಿತ್ತು. ಮೂವತ್ತು ವರ್ಷಗಳಿಂದ ಈ ಕೆಲಸದಲ್ಲಿರುವ ಏಜೆಂಟರೊಬ್ಬರು ಒಂದು ಮಧ್ಯಾಹ್ನ ಚೀಲ ಹೆಗಲಿಗೇರಿಸಿಕೊಂಡು ಬಂದು, ಸಕ್ಕರೆ ಹಾಕದ ಚಹಾ ಕುಡಿದು, ಪಾಲಿಸಿಯ ಹೆಸರನ್ನು ಗಂಭೀರವಾಗಿ ಉಚ್ಚರಿಸಿದರು: ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ಜಾರಿಗೆ ತಂದ ಮಾದರಿ ಪಾಲಿಸಿ ಇದು. ಒಂದು ಸ್ಥಳದಲ್ಲಿರುವ ಆಸ್ತಿಯ ಒಟ್ಟು ಮೌಲ್ಯ 5 ಕೋಟಿ ರೂಪಾಯಿಯವರೆಗಿನ ಉದ್ಯಮಗಳಿಗೆ ಅನ್ವಯಿಸುತ್ತದೆ. 5 ಕೋಟಿಯೇ ಸೂಕ್ಷ್ಮವಾದರೆ ನನ್ನ ಅಂಗಡಿಯನ್ನು ನೋಡಲು ಯಾವ ಭೂತಕನ್ನಡಿ ಬೇಕೆಂದು ಕೇಳಬೇಕೆನಿಸಿತು, ಆದರೆ ಏಜೆಂಟರು ಆಗಲೇ ಅಪಾಯಗಳ ಪಟ್ಟಿಯನ್ನು ಓದಲಾರಂಭಿಸಿದ್ದರು.

ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಚಂಡಮಾರುತ, ನೆರೆ, ಗಲಭೆ, ನೀರಿನ ಟ್ಯಾಂಕು ಒಡೆಯುವುದು ಎಂದು ಅವರು ಒಂದೊಂದನ್ನೇ ಹೇಳುತ್ತಿದ್ದರೆ, ಒಳಗೆ ಹಪ್ಪಳದ ಹಿಟ್ಟು ಕುಟ್ಟುತ್ತಿದ್ದ ನನ್ನ ಆಯಿ ಪ್ರತಿಯೊಂದಕ್ಕೂ "ಬಿಡ್ತು ಅನ್ನಿ" ಎನ್ನುತ್ತಿದ್ದಳು. ಭೂಕುಸಿತ ಎಂಬ ಪದವನ್ನು ನಾವೆಲ್ಲ ಸಲೀಸಾಗಿ ದಾಟಿ ಮುಂದೆ ಹೋದೆವು. ಅದೇ ವರ್ಷ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಮೇಲೆ ಈ ಜಿಲ್ಲೆಯಲ್ಲಿ ಆ ಪದವನ್ನು ಯಾರೂ ಹಾಗೆ ದಾಟುವುದಿಲ್ಲ. ಆದರೆ ಗುಡ್ಡ ಅಂಗಡಿಯ ಮೇಲೆ ಬಿದ್ದರಷ್ಟೇ ಪರಿಹಾರವೆಂದೂ, ದೇವಿಮನೆ ಘಟ್ಟದಲ್ಲಿ ಮಣ್ಣು ಜರಿದು ರಸ್ತೆ ಬಂದಾಗಿ ಕುಮಟೆಯ ಗಿರಾಕಿಗೆ ಮಾಲು ತಲುಪದೆ ವ್ಯಾಪಾರ ಕೆಟ್ಟರೆ ಈ ಪಾಲಿಸಿಯಲ್ಲಿ ಬಿಡಿಗಾಸೂ ಇಲ್ಲವೆಂದೂ ನನಗೆ ತಿಳಿದದ್ದು ಆ ಮಳೆಗಾಲದಲ್ಲೇ.

ಕಳ್ಳತನದ ವಿಷಯ ಬಂದಾಗ ಆಯಿ ಕುಟ್ಟುವುದನ್ನು ನಿಲ್ಲಿಸಿ ಹೊರಗೆ ಬಂದಳು. ಈ ಪಾಲಿಸಿಯಲ್ಲಿ ಕಳ್ಳತನಕ್ಕೆ ರಕ್ಷಣೆ ಇದೆ, ಆದರೆ ಬೆಂಕಿಯೋ ನೆರೆಯೋ ಮೊದಲು ಸಂಭವಿಸಿ, ಅದರಿಂದಾಗಿಯೇ, ಅದಾದ 7 ದಿನಗಳೊಳಗೆ ಕಳ್ಳತನ ನಡೆದಿರಬೇಕು. ನೆರೆ ಬರುವವರೆಗೆ ಕಾದು, ವಾರದೊಳಗೆ ಕೆಲಸ ಮುಗಿಸುವಷ್ಟು ಶಿಸ್ತಿನ ಕಳ್ಳರು ನಮ್ಮ ಪೇಟೆಯಲ್ಲಿ ಇಲ್ಲದ ಕಾರಣ, ಕನ್ನಗಳವಿನ ವಿಮೆಯನ್ನು ಬೇರೆಯಾಗಿಯೇ ಮಾಡಿಸಬೇಕಾಗುತ್ತದೆ. ಅದರಲ್ಲಿಯೂ ಬೀಗ ಮುರಿದೋ, ಶಟರ್ ಮೀಟಿಯೋ, ಬಲಪ್ರಯೋಗದಿಂದ ಒಳಹೊಕ್ಕಿರಬೇಕು. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರವಿಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮ ಅಂಗಡಿಯ ಕೀಲಿಯಾದರೋ ಮೆಟ್ಟಿಲ ಪಕ್ಕದ ತುಳಸಿ ಕುಂಡದ ಅಡಿಯಲ್ಲಿರುತ್ತದೆ ಎಂಬುದು ಹಾಲಿನವನಿಂದ ಹಿಡಿದು ಹೂ ಮಾರುವವಳವರೆಗೆ ಎಲ್ಲರಿಗೂ ತಿಳಿದ ವಿಷಯ.

"ಅಂದ್ರೆ, ನಾಜೂಕು ಕಳ್ಳ ಬಂದ್ರೆ ದುಡ್ಡಿಲ್ಲೆ, ಒಡ್ಡ ಕಳ್ಳ ಬಂದ್ರೆ ದುಡ್ಡಿದ್ದು ಹೇಳಿ ಆತು" ಎಂದು ಆಯಿ ತೀರ್ಪು ಕೊಟ್ಟು ಒಳಗೆ ಹೋದಳು. ಕಲಮನ್ನು ಇಷ್ಟು ಸ್ಪಷ್ಟವಾಗಿ ತಮಗೆ ತರಬೇತಿಯಲ್ಲಿಯೂ ಯಾರೂ ಹೇಳಿಕೊಟ್ಟಿರಲಿಲ್ಲವೆಂದು ಏಜೆಂಟರು ಒಪ್ಪಿಕೊಂಡರು. ಕೀಲಿ ಅಂದಿನಿಂದ ನನ್ನ ಜನಿವಾರಕ್ಕೆ ಬಂತು.

ಹುಬ್ಬಳ್ಳಿಗೆ ವ್ಯಾನಿನಲ್ಲಿ ಹೋಗುವ ಮಾಲಿಗೂ ವಿಮೆ ಉಂಟೆಂದು ಅವರು ಹೇಳಿದರು, ಮತ್ತು ಅದು 'ಮರೈನ್' ವಿಭಾಗಕ್ಕೆ ಸೇರಿದ್ದೆಂದರು. ಶಿರಸಿಯಿಂದ ಮುಂಡಗೋಡಿನ ಮೇಲೆ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಸಮುದ್ರ ಯಾವ ತಿರುವಿನಲ್ಲಿ ಸಿಗುತ್ತದೆಂದು ನಾನು ವಿಚಾರಿಸಿದೆ. ವಿಮೆ ಹುಟ್ಟಿದ್ದೇ ಹಡಗಿನ ಮಾಲಿಗಾಗಿ, ಹಾಗಾಗಿ ರಸ್ತೆಯಲ್ಲಿ ಹೋಗುವ ಮಾಲೂ ಈ ಶಾಸ್ತ್ರದಲ್ಲಿ ಸಮುದ್ರಯಾನವೇ ಎಂದು ಅವರು ವಿವರಿಸಿದರು. ಸಮುದ್ರ ದಾಟುವ ಧೈರ್ಯವಾಗದೆ ಅದನ್ನು ಬಿಟ್ಟೆ.

ಇನ್ನು ಆ ಒಂದು ಖಾನೆ. ನಾನು ಜಾಣತನದಿಂದ 6 ಲಕ್ಷವೆಂದು ಬರೆಯಿರಿ ಎಂದೆ. ಅಂಗಡಿ ಪೂರ್ತಿ ಸುಟ್ಟುಹೋಗುವುದು ಹೇಗಿದ್ದರೂ ಸಾಧ್ಯವಿಲ್ಲ, ಪ್ರೀಮಿಯಮ್ಮಾದರೂ ಉಳಿಯಲಿ ಎಂಬ ಲೆಕ್ಕ ನನ್ನದು. ಏಜೆಂಟರು ಪೆನ್ನಿನ ಮುಚ್ಚಳ ಹಾಕಿ, ಚಹಾದ ಲೋಟವನ್ನು ಬದಿಗೆ ಸರಿಸಿ, ಟೇಬಲ್ಲಿನ ಮೇಲೆ ಬೆರಳಿನಲ್ಲಿ ಲೆಕ್ಕ ಬರೆದು ತೋರಿಸಿದರು. ಸರಕಿನ ನಿಜವಾದ ಬೆಲೆ 12 ಲಕ್ಷವಿದ್ದು ವಿಮೆ 6 ಲಕ್ಷಕ್ಕೆ ಮಾತ್ರ ಇದ್ದರೆ, ಉಳಿದ ಅರ್ಧಕ್ಕೆ ನೀವೇ ವಿಮಾ ಕಂಪನಿ ಇದ್ದಂತೆ. ಒಂದು ಮೂಲೆ ಸುಟ್ಟು 2 ಲಕ್ಷದ ಮಾಲು ಹೋದರೂ ಕಂಪನಿ ಕೊಡುವುದು 1 ಲಕ್ಷ, ಇನ್ನೊಂದು ಲಕ್ಷವನ್ನು ನಿಮ್ಮ ಬಲಗೈ ನಿಮ್ಮ ಎಡಗೈಗೆ ಕೊಡಬೇಕು. ಕೊರತೆ ಶೇಕಡಾ 15ರೊಳಗಿದ್ದರೆ ಈ ಪಾಲಿಸಿಯಲ್ಲಿ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ, ಅದಕ್ಕಿಂತ ಹೆಚ್ಚಿದ್ದರೆ ಬಿಡುವುದಿಲ್ಲ. ಹಾಗಾದರೆ ಭಾವನ ಮನೆಯಲ್ಲಿ ಹೇಳಿದ 20 ಲಕ್ಷವನ್ನೇ ಬರೆದರಾಯಿತಲ್ಲ ಎಂದೆ. ಬರೆಯಬಹುದು, 20 ಲಕ್ಷಕ್ಕೆ ಪ್ರೀಮಿಯಂ ಕಟ್ಟಬಹುದು, ಸಿಗುವುದು ಮಾತ್ರ ಸುಟ್ಟಷ್ಟೇ ಎಂದರು. ಕಡಿಮೆ ಹೇಳಿದರೂ ಹೆಚ್ಚು ಹೇಳಿದರೂ ಹೇಳಿದವನಿಗೇ ಪೆಟ್ಟು ಬೀಳುವಂಥ ಅರ್ಜಿಯನ್ನು ನನ್ನ ವ್ಯಾಪಾರ ಜೀವನದಲ್ಲಿ ನಾನು ಅದೇ ಮೊದಲ ಬಾರಿಗೆ ನೋಡುತ್ತಿದ್ದೆ.

ಆದ್ದರಿಂದ ನಿಜವಾಗಿಯೂ ಎಣಿಸಲು ಕುಳಿತೆವು. ಎರಡು ರಾತ್ರಿ ಹಿಡಿಯಿತು. ಹಪ್ಪಳ, ಶರಬತ್ತಿನ ಬಾಟಲಿಗಳು ಸುಲಭ. ಕಷ್ಟವಾದದ್ದು ಅಪ್ಪೆಮಿಡಿಯ ಭರಣಿಗಳು. ಬಾಯಿಗೆ ಕಟ್ಟಿದ ಬಿಳಿ ಬಟ್ಟೆಯನ್ನು ಬಿಚ್ಚಿದರೆ ಕಣ್ಣಿಗೆ ಕಾಣುವುದು ಉಪ್ಪುನೀರಿನಲ್ಲಿ ಸುಕ್ಕುಗಟ್ಟಿ, ತೊಟ್ಟಿನ ಸಮೇತ ಮಲಗಿರುವ ನೂರಾರು ಮಿಡಿಗಳು. ಅವು ಕಚ್ಚಾ ಮಾಲೋ, ಅರ್ಧ ತಯಾರಾದ ಮಾಲೋ, ಪೂರ್ತಿ ತಯಾರಾದ ಮಾಲೋ ಎಂಬುದನ್ನು ಅರ್ಜಿಯಲ್ಲಿ ಹೇಳಬೇಕಿತ್ತು. ಬೇರೆ ಸರಕಿಗೆ ವರ್ಷ ಕಳೆದಂತೆ ಬೆಲೆ ಇಳಿಯುತ್ತದೆ. ಎರಡು ವರ್ಷ ಉಪ್ಪಿನಲ್ಲಿ ಕುಳಿತು ಪರಿಮಳ ಬಿಡದ 'ಅನಂತಭಟ್ಟನ ಅಪ್ಪೆ' ತಳಿಯ ಮಿಡಿಗೆ ಬೆಲೆ ಏರುತ್ತದೆ. ಸವಕಳಿ ಎಂಬ ಪದಕ್ಕೆ ವಿರುದ್ಧಪದ ವಿಮೆಯ ನಿಘಂಟಿನಲ್ಲಿ ಇಲ್ಲ. ಅರ್ಧ ಭರಣಿಗಳು ಊರಿನ ಮನೆಯ ಅಟ್ಟದಲ್ಲಿದ್ದುದರಿಂದ ಆ ವಿಳಾಸವನ್ನೂ ಪಾಲಿಸಿಯಲ್ಲಿ ಸೇರಿಸಬೇಕಾಯಿತು. ವಿಳಾಸ ಬರೆಯದ ಅಟ್ಟದಲ್ಲಿ ಮಾಲು ಸುಟ್ಟರೆ ಅದು ಸುಟ್ಟಂತೆಯೇ ಅಲ್ಲ.

ಅದಕ್ಕಿಂತ ದೊಡ್ಡ ತೊಡಕು, ತಯಾರಿಸಿದ ಮಾಲನ್ನು ಮಾರುವ ಬೆಲೆಗೆ ಹಿಡಿಯುವಂತಿಲ್ಲ, ಲಾಭ ಬಿಟ್ಟು ತಯಾರಿಕೆಯ ಖರ್ಚಿಗೆ ಹಿಡಿಯಬೇಕು ಎಂಬುದು. ಮೆಣಸು, ಸಾಸಿವೆ, ಉಪ್ಪು, ಆಳುಗಳ ಕೂಲಿ ಎಲ್ಲ ಬರೆದ ಮೇಲೆ ಏಜೆಂಟರು ಕೇಳಿದರು: "ಆಯಿಯ ಕೂಲಿ ಎಷ್ಟು ಹಿಡಿಯುವ?" ಒಳಗಿನಿಂದ ಒನಕೆಯ ಸದ್ದು ನಿಂತಿತು. "ಆನೇನು ಕೂಲಿಯವ್ಳನಾ?" ಎಂಬ ಪ್ರಶ್ನೆ ಬಂದ ಧಾಟಿಗೆ ಏಜೆಂಟರು ಆ ಸಾಲಿನ ಮುಂದೆ ಸೊನ್ನೆ ಬರೆದರು. ಹಲಸಿನಕಾಯಿ ನಮ್ಮದೇ ಹಿತ್ತಲಿನದಾದ್ದರಿಂದ ಅದಕ್ಕೂ ಸೊನ್ನೆ. ಒಟ್ಟು ಮೊತ್ತ 9 ಲಕ್ಷದ 40 ಸಾವಿರವಾಯಿತು. ನನ್ನ ನಾಲ್ಕು ಉತ್ತರಗಳಲ್ಲಿ ಒಂದೂ ಅದರ ಹತ್ತಿರ ಸುಳಿದಿರಲಿಲ್ಲ.

ಶೇಕಡಾ 18ರ ಜಿಎಸ್‌ಟಿ ಸೇರಿಸಿದರೂ ಪ್ರೀಮಿಯಂ ಜಾತ್ರೆಯ ತೊಟ್ಟಿಲಿಗೂ ಕಬ್ಬಿನ ಹಾಲಿಗೂ ಮಕ್ಕಳ ಕೈಗೆ ಕೊಡುವ ದುಡ್ಡಿಗಿಂತ ಬಹಳ ಹೆಚ್ಚೇನಿರಲಿಲ್ಲ. "ಹಬ್ಬದ ನಂತರ ಕೊಟ್ಟರಾಗದೇ?" ಎಂದೆ, ಉದ್ರಿ ಕೊಟ್ಟು, ಉದ್ರಿ ಹೇಳಿ ಬೆಳೆದ ನಾಲಿಗೆ. ಪ್ರೀಮಿಯಂ ಕೈಸೇರದೆ ಕಂಪನಿ ಅಪಾಯವನ್ನು ಹೊರುವಂತಿಲ್ಲವೆಂದು 1938ರ ವಿಮಾ ಕಾಯಿದೆಯ 64ವಿಬಿ ಕಲಮು ಹೇಳುತ್ತದಂತೆ. ಉದ್ರಿಯನ್ನು ಕಾಯಿದೆಯಲ್ಲಿಯೇ ನಿಷೇಧಿಸಿಕೊಂಡ ಆ ವ್ಯಾಪಾರಿಗಳ ಬಗ್ಗೆ ನನಗೆ ಇಂದಿಗೂ ಹೊಟ್ಟೆಕಿಚ್ಚಿದೆ.

ಜಾತ್ರೆ ನಿರ್ವಿಘ್ನವಾಗಿ ಮುಗಿಯಿತು. ಆಪತ್ತು ಬಂದದ್ದು ಆಷಾಢದ ಮಳೆಯಲ್ಲಿ, ಪಾಲಿಸಿಯ ಯಾವ ಸಾಲಿಗೂ ಸೇರದ ರೂಪದಲ್ಲಿ. ಬೆಳಿಗ್ಗೆ ಶಟರ್ ಎತ್ತಿದರೆ ಹಿಂದಿನ ಕೋಣೆಯಲ್ಲಿ ಮೂರು ಹಂಚು ಸರಿದಿವೆ, ಬಾಳೆನಾರಿನಲ್ಲಿ ಕಟ್ಟಿ, ಇನ್ನೂ ಪ್ಯಾಕ್ ಮಾಡದೆ ಇಟ್ಟಿದ್ದ 60 ಕಟ್ಟು ಹಲಸಿನ ಹಪ್ಪಳ ನೆನೆದು ಒಂದಕ್ಕೊಂದು ಅಂಟಿ ಒಂದೇ ಹಪ್ಪಳವಾಗಿದೆ, ಮತ್ತು ಮಾಡಿನ ಕೋಳಿನ ಮೇಲೆ ಆರೋಪಿ ಸ್ವತಃ ಕುಳಿತು, ಮೈ ಕೆರೆದುಕೊಳ್ಳುತ್ತ, ನನ್ನನ್ನೇ ನೋಡುತ್ತಿದ್ದಾನೆ. ಫೋನು ಮಾಡಿದಾಗ ಏಜೆಂಟರು ಮೊದಲು ಕೇಳಿದ್ದು ಬಿರುಗಾಳಿ ಇತ್ತೇ ಎಂದು. ಬಿರುಗಾಳಿ ಇರಲಿಲ್ಲ, ಮಂಗ ಇತ್ತು ಎಂದೆ.

ಅವರು ಕೊಡೆ ಮಡಚುತ್ತ ಬಂದು, ಹಂಚನ್ನೂ ಮಂಗನನ್ನೂ ಒಮ್ಮೆ ನೋಡಿ, ಗತಕಾಲವನ್ನು ನೆನೆದು ನಿಟ್ಟುಸಿರಿಟ್ಟರು. ಹಿಂದಿನ ಬೆಂಕಿ ವಿಮೆಯ ಮಾದರಿ ಪಾಲಿಸಿಯಲ್ಲಿ ಪ್ರಾಣಿ ನೇರವಾಗಿ ತಾಗಿ ಆದ ಹಾನಿಗೆ ಸ್ಪಷ್ಟವಾದ ಮಾತಿತ್ತು, ಆದರೆ ಆ ಪ್ರಾಣಿ ವಿಮೆ ಮಾಡಿಸಿದವನದಾಗಲಿ, ಕೆಲಸದ ವೇಳೆಯಲ್ಲಿದ್ದ ಅವನ ನೌಕರರದಾಗಲಿ ಆಗಿರಬಾರದು ಎಂದರು. ಈ ಮಂಗ ನನ್ನದಲ್ಲವೆಂದು ನಾನು ಪ್ರಮಾಣ ಮಾಡಲು ಸಿದ್ಧನಿದ್ದೆ. ನನ್ನ ಏಕೈಕ ನೌಕರ ರಜೆಯಲ್ಲಿದ್ದ. ಹೊಸ ಪಾಲಿಸಿಯಲ್ಲಿರುವುದು ಹೊರಗಿನ ಭೌತಿಕ ವಸ್ತುವಿನ ಡಿಕ್ಕಿ ಎಂಬ ಮಾತು. ಮಂಗ ವಸ್ತುವೇ, ಹಂಚು ಸರಿಸಿದ್ದು ಡಿಕ್ಕಿಯೇ, ಹಪ್ಪಳ ಹಾಳಾದದ್ದು ಮಂಗನಿಂದಲೋ ಮಳೆಯಿಂದಲೋ ಎಂಬ ಮೂರು ಪ್ರಶ್ನೆಗಳನ್ನು ನಾವು ಮೀಮಾಂಸಕರಂತೆ ಒಂದು ತಾಸು ಚರ್ಚಿಸಿದೆವು. ಕೊನೆಗೆ ಏಜೆಂಟರು, ವಾದ ಆಮೇಲೆ, ಮೊದಲು ನಷ್ಟದ ಲೆಕ್ಕ ಹಾಕುವ ಎಂದು ಪೆನ್ನು ತೆಗೆದರು.

ಒಂದು ಕಟ್ಟು ಮಾರುವ ಬೆಲೆ 140 ರೂಪಾಯಿ, ಆ ಲೆಕ್ಕಕ್ಕೆ 8,400. ಆದರೆ ಹಿಡಿಯಬೇಕಾದದ್ದು ಖರ್ಚು. ಹಲಸಿನಕಾಯಿಗೆ ಸೊನ್ನೆ, ಆಯಿಯ ಕೂಲಿಗೆ ಸೊನ್ನೆ, ಉಳಿದದ್ದನ್ನು ಕೂಡಿಸಿದರೆ ಕಟ್ಟಿಗೆ 78 ರೂಪಾಯಿ, ಒಟ್ಟು 4,680. ನನ್ನ ಪಾಲಿಸಿಯಲ್ಲಿ ಪ್ರತಿ ಕ್ಲೇಮಿನ ಮೊದಲ 5,000 ರೂಪಾಯಿ ನನ್ನದೇ ಹೊರೆ. ಕಟ್ಟಿಗೆ 10 ರೂಪಾಯಿಯಂತೆ ಆಯಿಯ ಕೂಲಿ ಬರೆದರೆ 5,280 ಆಗುತ್ತದೆ, ಮಂಗ ವಸ್ತುವೆಂದು ಸಾಬೀತಾದ ಪಕ್ಷದಲ್ಲಿ 280 ರೂಪಾಯಿ ಕೈಸೇರುತ್ತದೆ ಎಂದು ನಾನು ತಗ್ಗಿದ ದನಿಯಲ್ಲಿ ಆಯಿಗೆ ವಿವರಿಸಿದೆ. ಅವಳು ಉತ್ತರವನ್ನೇ ಕೊಡದೆ, ಬಿಡಿಸಲು ಬಂದಷ್ಟು ಹಪ್ಪಳಗಳನ್ನು ಬಿಡಿಸಿ, ಮನೆಖರ್ಚಿಗಾಯಿತೆಂದು ಬಚ್ಚಲೊಲೆಯ ಮೇಲಿನ ಬಿದಿರ ತಟ್ಟಿಯಲ್ಲಿ ಹರವತೊಡಗಿದಳು. ಒಣಗಿಸುವಾಗ ಮಾಲಿಗೇ ಬೆಂಕಿ ತಗಲಿದರೆ ಹಳೆಯ ಪಾಲಿಸಿಯಲ್ಲಿ ಪರಿಹಾರವಿರಲಿಲ್ಲವೆಂದು ಏಜೆಂಟರು ಬಾಗಿಲಲ್ಲಿ ನಿಂತು ಎಚ್ಚರಿಸಿದರು. ಅವಳು ಅದಕ್ಕೂ ಉತ್ತರ ಕೊಡದೆ, ಎರಡನ್ನು ಕೆಂಡದ ಮೇಲೆ ಸುಟ್ಟು ಅವರ ಕೈಗಿತ್ತಳು.

ಹೊರಡುವಾಗ ಅವರು ಒಣಗಿದ ದಾಸ್ತಾನಿನಿಂದ ಒಂದು ಕಟ್ಟು ಹಪ್ಪಳ ಆರಿಸಿಕೊಂಡು, ಎಣಿಸಿ 78 ರೂಪಾಯಿಯನ್ನು ಗಲ್ಲೆಯ ಮೇಲಿಟ್ಟರು. ಬೆಲೆ 140 ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ನಾನೇ ಆಗಷ್ಟೇ ಸಹಿ ಹಾಕಿದ ಲೆಕ್ಕದ ಹಾಳೆಯನ್ನು ಅವರು ಚೀಲದಿಂದ ಅರ್ಧ ಹೊರಗೆಳೆದು ತೋರಿಸಿದರು.