ವಾರ್ಷಿಕ ಶುಲ್ಕವೂ ಲೌಂಜಿನ ತಟ್ಟೆಯೂ

ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟನ್ನು ಪೂರ್ತಿ ಓದುವವರು ಕಡಿಮೆ. ಎಷ್ಟು ಕಟ್ಟಬೇಕು, ಕೊನೇ ದಿನ ಯಾವಾಗ, ಅಷ್ಟು ನೋಡಿ ಮುಚ್ಚಿಬಿಡುತ್ತೇವೆ. ವರ್ಷಕ್ಕೊಂದು ಸಲ ಮಾತ್ರ ಕಣ್ಣು ಒಂದು ಸಾಲಿನ ಮೇಲೆ ನಿಂತುಬಿಡುತ್ತದೆ. ಆ ದಿನ ನಾವು ಏನೂ ಕೊಂಡಿರುವುದಿಲ್ಲ, ಎಲ್ಲೂ ಹೋಗಿರುವುದಿಲ್ಲ, ಆದರೂ ‘ವಾರ್ಷಿಕ ಶುಲ್ಕ’ ಅಂತ ಒಂದು ಮೊತ್ತ, ಅದರ ಬೆನ್ನಿಗೇ ತೆರಿಗೆ. ಮೊದಲ ವರ್ಷ ಪುಕ್ಕಟೆ ಅಂತ ಕೊಟ್ಟ ಕಾರ್ಡಾಗಿದ್ದರೆ ಇನ್ನೂ ಸೊಗಸು. ಅಷ್ಟರಲ್ಲಿ ಅದು ಅಭ್ಯಾಸವಾಗಿರುತ್ತದೆ, ಹತ್ತು ಕಡೆ ಆಟೋ ಪೇಗೆ ಸೇರಿಕೊಂಡಿರುತ್ತದೆ, ಕಿತ್ತುಹಾಕುವುದೇ ಒಂದು ಕೆಲಸ.

ಆಗ ಮನಸ್ಸಿನೊಳಗಿನ ವಕೀಲ ಎದ್ದು ನಿಲ್ಲುತ್ತಾನೆ. ಪಾಯಿಂಟ್ಸ್ ಬಂದಿಲ್ವಾ? ವಿಮಾನ ನಿಲ್ದಾಣದಲ್ಲಿ ಕೂತು ತಿನ್ನಲು ಲೌಂಜ್ ಇಲ್ವಾ? ಪ್ರಯಾಣದ ವಿಮೆ? ಹೋಟೆಲಿನ ರಿಯಾಯಿತಿ? ಒಂದೊಂದಕ್ಕೂ ಒಂದು ಬೆಲೆ ಕಟ್ಟಿ ಕೂಡಿಸುತ್ತಾ ಹೋದರೆ ಕೊನೆಗೆ ಬ್ಯಾಂಕೇ ನಮಗೆ ಸಾಲ ಬಿದ್ದಿರುವ ಹಾಗೆ ಕಾಣುತ್ತದೆ. ಕೇಸು ಗೆದ್ದಾಯಿತು. ಶುಲ್ಕ ಕಟ್ಟಿದ್ದೂ ಆಯಿತು.

ಶುಲ್ಕ ಅನ್ನುವುದು ನಡುವೆ ಎಲ್ಲೋ ಸೇರಿಕೊಂಡ ಪಿಡುಗಲ್ಲ, ಸುಮಾರು ಶುರುವಿನಿಂದಲೂ ಇದೆ. ಡೈನರ್ಸ್ ಕ್ಲಬ್ ಅನ್ನುವ ಕಾರ್ಡು ಕಂಪನಿ 1950ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿತು. 1958ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ತನ್ನ ಕಾರ್ಡು ತಂದಾಗ ಡೈನರ್ಸ್‌ನವರ ಶುಲ್ಕ ವರ್ಷಕ್ಕೆ 5 ಡಾಲರ್ ಇತ್ತು. ಇವರು 6 ಇಟ್ಟರು. ಹೊಸಬರು ಒಂದು ಡಾಲರ್ ಕಡಿಮೆ ಇಟ್ಟು ಗಿರಾಕಿಗಳನ್ನು ಸೆಳೆಯಬೇಕಿತ್ತಲ್ವಾ, ಉಲ್ಟಾ ಮಾಡಿದರು. ಜಾಸ್ತಿ ಕೇಳಿದರೆ ಜನ ಇದು ಮೇಲ್ದರ್ಜೆಯದು ಅಂದುಕೊಳ್ಳುತ್ತಾರೆ ಅನ್ನುವ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು ಅನ್ನುವುದಕ್ಕೆ ಇವತ್ತಿನ ಲೋಹದ ಕಾರ್ಡುಗಳೇ ಸಾಕ್ಷಿ. ಅದನ್ನು ಬಿಲ್ಲಿನ ತಟ್ಟೆಗೆ ಹಾಕಿದಾಗ ಟಣ್ ಅನ್ನಬೇಕು, ಪಕ್ಕದ ಮೇಜಿನವರು ತಿರುಗಬೇಕು. ಮೂಗಿಗಿಂತ ಮೂಗುತಿ ಭಾರವಾದರೂ ಪರವಾಗಿಲ್ಲ.

ಇನ್ನೊಂದು ಕಡೆ, 1986ರಲ್ಲಿ ಅಮೆರಿಕದಲ್ಲಿ ಡಿಸ್ಕವರ್ ಕಾರ್ಡು ಬಂದಾಗ ಅದಕ್ಕೆ ವಾರ್ಷಿಕ ಶುಲ್ಕವೇ ಇರಲಿಲ್ಲ, ಮೇಲಾಗಿ ಖರ್ಚು ಮಾಡಿದ್ದರಲ್ಲಿ ಒಂದು ಪಾಲನ್ನು ವಾಪಸ್ ಕೊಡುತ್ತಿತ್ತು. ಅಂದರೆ ರಿವಾರ್ಡ್ ಬೇಕಾದರೆ ಶುಲ್ಕ ಕಟ್ಟಲೇಬೇಕು ಅನ್ನುವ ಮಾತು ಆಗಲೇ ಸುಳ್ಳಾಗಿತ್ತು. ನಾವು ಮಾತ್ರ ಅದನ್ನು ಇನ್ನೂ ನಂಬಿಕೊಂಡಿದ್ದೇವೆ, ಲೆಕ್ಕ ಹಾಕುವಾಗಲೂ ಅದೇ ತಪ್ಪುತ್ತದೆ.

ಹೇಗೆ ಅಂದರೆ, ಶುಲ್ಕ 5,000 ಅಂತ ಇಟ್ಟುಕೊಳ್ಳಿ, ಯಾವ ದೇಶದ ಹಣವಾದರೂ ಸರಿ. ಕಾರ್ಡು ನೂರಕ್ಕೆ 2 ವಾಪಸ್ ಕೊಡುತ್ತದೆ. ವರ್ಷಕ್ಕೆ 2,50,000 ಖರ್ಚು ಮಾಡಿದರೆ 5,000 ಬಂತು, ಶುಲ್ಕ ತೀರಿತು, ಅಲ್ಲಿಂದಾಚೆ ಎಲ್ಲ ಲಾಭ ಅಂತ ಬೀಗುತ್ತೇವೆ. ಆದರೆ ಈ ಕಾರ್ಡು ಇಲ್ಲದಿದ್ದರೆ ಕೈಕಟ್ಟಿ ಕೂತಿರುತ್ತಿದ್ದೆವಾ? ಶುಲ್ಕವಿಲ್ಲದೆ ನೂರಕ್ಕೆ 1 ಕೊಡುವ ಬಡಪಾಯಿ ಕಾರ್ಡೊಂದು ಇದ್ದೇ ಇರುತ್ತಿತ್ತು. ಅದೇ ಖರ್ಚಿಗೆ ಅದು ತುಟಿಪಿಟಕ್ಕೆನ್ನದೆ 2,500 ಕೊಡುತ್ತಿತ್ತು. ಅದಕ್ಕೆ ಹೋಲಿಸಿದರೆ ನಾವು ಸಮಕ್ಕೆ ಬಂದಿಲ್ಲ, 2,500 ಹಿಂದಿದ್ದೇವೆ. ಸಮ ಆಗಲು 5,00,000 ಖರ್ಚಾಗಬೇಕು. ಬಡಪಾಯಿ ಕಾರ್ಡು ನೂರಕ್ಕೆ ಒಂದೂವರೆ ಕೊಡುವಂಥದ್ದಾದರೆ 10,00,000. ಈ ಒಂದು ಕಳೆಯುವ ಲೆಕ್ಕವನ್ನು ಯಾವ ಜಾಹೀರಾತೂ ಮಾಡಿ ತೋರಿಸುವುದಿಲ್ಲ, ತೋರಿಸಲಿ ಅಂತ ಕಾಯುವುದೂ ಬೇಡ.

ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟುವವರಿಗೆ ಇಷ್ಟು ಲೆಕ್ಕವೂ ಬೇಕಿಲ್ಲ. ವರ್ಷಕ್ಕೆ ನೂರಕ್ಕೆ 20ರ ಬಡ್ಡಿ ಅಂದರೂ ಎರಡು ತಿಂಗಳಿಗೆ 3ಕ್ಕಿಂತ ಜಾಸ್ತಿ ಹೋಯಿತು, ಬಂದಿದ್ದು 2. ಅವರಿಗೆ ಎಲ್ಲ ರಿವಾರ್ಡ್ ಕಾರ್ಡೂ ದುಬಾರಿಯೇ.

ಈಗ ಲೌಂಜಿಗೆ ಬರೋಣ. ಶುಲ್ಕವನ್ನು ಸಮರ್ಥಿಸುವವರ ಕೊನೇ ಅಸ್ತ್ರ ಅದು. ಹೊರಗೆ ನಿಂತು ನೋಡಿದರೆ ತಮಾಷೆಯಾಗಿರುತ್ತದೆ. ವಿಮಾನಕ್ಕೆ ಇನ್ನೂ ಮೂರು ಗಂಟೆ ಇರುವಾಗಲೇ ಬಂದು, ಬಾಗಿಲಲ್ಲಿ ಕಾರ್ಡು ಹಿಡಿದು ಸಾಲಿನಲ್ಲಿ ನಿಂತು, ಒಳಗೆ ಹೋಗಿ ಕುರ್ಚಿ ಸಿಗದೆ ಸುತ್ತು ಹೊಡೆದು, ಮನೆಯಲ್ಲಿ ಊಟ ಮಾಡಿಯೇ ಹೊರಟಿದ್ದರೂ ತಟ್ಟೆ ತುಂಬಿಸಿಕೊಳ್ಳುತ್ತಾರೆ. ಮುಖದಲ್ಲಿ ಖುಷಿಗಿಂತ ಕರ್ತವ್ಯನಿಷ್ಠೆ ಜಾಸ್ತಿ. ಎರಡನೇ ಸಲ ಬಡಿಸಿಕೊಳ್ಳುವಾಗ ಒಳಗೊಳಗೇ ಭಾಗಾಕಾರ ನಡೆದಿರುತ್ತದೆ: ಶುಲ್ಕ ಇಷ್ಟು, ಭೇಟಿ ಇಷ್ಟು, ತಟ್ಟೆಗೆ ಎಷ್ಟು ಬಿತ್ತು? ಆ ತಟ್ಟೆಗೆ ಹೊರಗೆ ಕೊಡಬೇಕಾದ ಬೆಲೆಯನ್ನು ಲಾಭಕ್ಕೆ ಬರೆದುಕೊಳ್ಳುತ್ತೇವಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಕಾರ್ಡು ಇಲ್ಲದಿದ್ದರೆ ನಾವು ಆ ಬೆಲೆ ಕೊಟ್ಟು ತಿನ್ನುತ್ತಿದ್ದೆವಾ? ಒಂದು ಕಾಫಿ ಕುಡಿದು ಗೇಟಿನ ಹತ್ತಿರ ಕೂರುತ್ತಿದ್ದೆವು. ಹಾಗಿದ್ದರೆ ಲಾಭ ಅಂತ ಬರೆಯಬೇಕಾದದ್ದು ಆ ಕಾಫಿಯ ಬೆಲೆ, ಮತ್ತೆ ಸ್ವಲ್ಪ ಮೆತ್ತನೆ ಕುರ್ಚಿ. ಕುರ್ಚಿ ಸಿಕ್ಕಿದ್ದರೆ.

ಪಾಯಿಂಟ್ಸ್ ಕಥೆ ಇನ್ನೊಂದು ಥರ. ಅದು ದುಡ್ಡಿನ ಹಾಗೇ ಕಾಣುತ್ತದೆ, ಆದರೆ ಅದರ ಬೆಲೆ ಕಟ್ಟುವುದು ಕೊಟ್ಟವರೇ. ಒಂದೇ ಪಾಯಿಂಟು ವಿಮಾನದ ಟಿಕೆಟ್ಟಿಗೆ ಒಂದು ಬೆಲೆ, ಗಿಫ್ಟ್ ವೋಚರಿಗೆ ಇನ್ನೊಂದು, ನಗದು ಮಾಡಿಕೊಳ್ಳೋಣ ಅಂದರೆ ಎಲ್ಲಕ್ಕಿಂತ ಕಡಿಮೆ ಇರುವುದೇ ಹೆಚ್ಚು. ಕೂಡಿಟ್ಟಷ್ಟೂ ಬೆಳೆಯುವುದಿಲ್ಲ, ಬಡ್ಡಿ ಬರುವುದಿಲ್ಲ, ನಿಯಮ ಬದಲಾಯಿತು ಅಂತ ಒಂದು ಮೇಲ್ ಬಂದರೆ ರಾತ್ರೋರಾತ್ರಿ ಕರಗುತ್ತದೆ. ಆದರೂ ಖರ್ಚು ಮಾಡಲು ಕೈ ಬರುವುದಿಲ್ಲ, ದೊಡ್ಡ ಪ್ರವಾಸವೊಂದಕ್ಕೆ ಇರಲಿ ಅಂತ ಎತ್ತಿಡುತ್ತೇವೆ.

ಇಷ್ಟೆಲ್ಲ ಕೊಡುವುದಕ್ಕೆ ಬ್ಯಾಂಕಿಗೆ ದುಡ್ಡು ಎಲ್ಲಿಂದ ಬರುತ್ತದೆ? ನಾವು ಕಾರ್ಡು ಉಜ್ಜಿದಾಗಲೆಲ್ಲ ಅಂಗಡಿಯವರ ಕೈಯಿಂದ ಒಂದು ಪಾಲು ಮುರಿದುಕೊಳ್ಳುತ್ತಾರೆ, ಅದರಲ್ಲಿ ಒಂದು ಚೂರು ರಿವಾರ್ಡ್ ಆಗಿ ನಮಗೆ ಬರುತ್ತದೆ. ಐರೋಪ್ಯ ಒಕ್ಕೂಟ 2015ರಲ್ಲಿ ಗ್ರಾಹಕರ ಕ್ರೆಡಿಟ್ ಕಾರ್ಡುಗಳಲ್ಲಿ ಬ್ಯಾಂಕಿಗೆ ಸೇರುವ ಈ ಪಾಲಿಗೆ ನೂರಕ್ಕೆ 0.3 ಅಂತ ಮಿತಿ ಹಾಕಿತು. ಹಾಗೆ ಕಡಿಮೆ ಸಿಗುವ ಕಡೆ ನೂರಕ್ಕೆ 2 ಕೊಡುವ ಔದಾರ್ಯ ಯಾರಿಗೂ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಅನುಮಾನ ಇರುವುದು ‘ಇಷ್ಟು ಖರ್ಚು ಮಾಡಿದರೆ ಶುಲ್ಕ ಮನ್ನಾ’ ಅನ್ನುವುದರ ಮೇಲೆ. ವರ್ಷದ ಕೊನೇ ತಿಂಗಳಲ್ಲಿ ಇನ್ನೊಂದು ಚೂರು ಬಾಕಿ ಇದೆ ಅಂತ ಆ್ಯಪು ತೋರಿಸುತ್ತದೆ, ಹಸಿರು ಪಟ್ಟಿ ತುಂಬಲು ಬೆರಳಗಲ ಜಾಗ. ಮುಂದಿನ ವರ್ಷ ಕೊಳ್ಳೋಣ ಅಂತಿದ್ದ ಮಿಕ್ಸಿ ಇವತ್ತೇ ಮನೆಗೆ ಬರುತ್ತದೆ. ಎರಡು ಸಾವಿರ ಉಳಿಸಲು ಎಂಟು ಸಾವಿರ ಖರ್ಚು. ಕಾರ್ಡು ಕೈಯಲ್ಲಿದ್ದರೆ ಮೊದಲೇ ಕೈ ಸಡಿಲ. ಪ್ರೆಲೆಕ್ ಮತ್ತು ಸೈಮೆಸ್ಟರ್ ಅನ್ನುವ ಇಬ್ಬರು ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ಯಾಸ್ಕೆಟ್‌ಬಾಲ್ ಟಿಕೆಟ್ಟುಗಳ ಹರಾಜು ಮಾಡಿಸಿದ್ದರು. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಬೇಕು ಎಂದು ಹೇಳಿಸಿಕೊಂಡವರು, ನಗದು ಕೊಡಬೇಕು ಎಂದು ಹೇಳಿಸಿಕೊಂಡವರಿಗಿಂತ ಸರಾಸರಿ ಎರಡು ಪಟ್ಟಿಗೂ ಜಾಸ್ತಿ ಕೂಗಿದರು. ಕೂಗಿದವರು ಎಂ‌ಬಿಎ ಓದುತ್ತಿದ್ದವರು, ಲೆಕ್ಕ ಗೊತ್ತಿಲ್ಲದವರೇನಲ್ಲ.

ಹಾಗಂತ ಶುಲ್ಕದ ಕಾರ್ಡೆಲ್ಲ ದಂಡ ಅನ್ನುತ್ತಿಲ್ಲ. ಕೆಲಸದ ಮೇಲೆ ತಿಂಗಳಿಗೆ ನಾಲ್ಕು ಸಲ ಹಾರುವವರು, ಹೇಗೂ ಅದೇ ಹೋಟೆಲಿನಲ್ಲಿ ಉಳಿಯುವವರು, ಬಿಲ್ಲನ್ನು ಪೂರ್ತಿ ಕಟ್ಟುವವರು ಕಣ್ಣುಮುಚ್ಚಿ ಇಟ್ಟುಕೊಳ್ಳಬಹುದು. ಅವರ ಬದುಕು ಮೊದಲೇ ಹಾಗಿತ್ತು, ಕಾರ್ಡು ಆಮೇಲೆ ಬಂತು. ಕಾರ್ಡು ಬಂದಮೇಲೆ ಬದುಕು ಹಾಗಾಯಿತು ಅಂದರೆ ಶುಲ್ಕ ಕೊಟ್ಟು ಅದರ ನೌಕರಿಗೆ ಸೇರಿದ್ದೇವೆ ಅಂತಲೇ ಅರ್ಥ.

ಅನುಮಾನ ಇದ್ದವರು ಕಾರ್ಡು ನಿಲ್ಲಿಸಿ ಅಂತ ಒಂದು ಫೋನು ಮಾಡಿ ನೋಡಬೇಕು. ವರ್ಷವಿಡೀ ಒಂದು ಒತ್ತಿ, ಎರಡು ಒತ್ತಿ ಅನ್ನುತ್ತಿದ್ದ ಕಡೆಯಿಂದ ದಿಢೀರನೆ ಮನುಷ್ಯರ ದನಿ ಬರುತ್ತದೆ.

“ಯಾಕೆ ಸರ್, ಏನಾದರೂ ತೊಂದರೆಯಾಯಿತಾ?”

“ಶುಲ್ಕ ಜಾಸ್ತಿಯಾಯಿತು.”

“ಒಂದು ನಿಮಿಷ ಲೈನಿನಲ್ಲಿರಿ ಸರ್.”

ಆ ಒಂದು ನಿಮಿಷ ಸಂಗೀತ ಕೇಳಿಸುತ್ತದೆ. ಆಮೇಲೆ ಅರ್ಧ ಶುಲ್ಕ ಬಿಡುತ್ತೇವೆ ಅನ್ನಬಹುದು, ಪೂರ್ತಿ ಮನ್ನಾ ಅನ್ನಬಹುದು, ಅಥವಾ ಆಯಿತು ಸರ್ ನಿಲ್ಲಿಸುತ್ತೇವೆ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಮೂರನೆಯದಕ್ಕೂ ತಯಾರಾಗಿಯೇ ಫೋನು ಮಾಡಿ. ಅದೇ ಬ್ಯಾಂಕಿನಲ್ಲಿ ಶುಲ್ಕವಿಲ್ಲದ ಕಾರ್ಡು ಇದ್ದರೆ ಅದಕ್ಕೆ ಬದಲಾಯಿಸಿಕೊಡಿ ಅಂತಲೂ ಕೇಳಬಹುದು. ಮೊದಲು ಪಾಯಿಂಟ್ಸ್ ಮಾತ್ರ ಖಾಲಿ ಮಾಡಿಕೊಂಡಿರಿ, ವೋಚರಾದರೂ ಸರಿ.